ಕುದಿಯುವ ಕಡಲಾಳದಲ್ಲಿ ಮನೆ ಬದಲಿಸುವ ಜೀನ್‌ಗಳು

2024ರ ಡಿಸೆಂಬರ್‌ನಲ್ಲಿ ಒಂದು ಫೋಟೋ ಪತ್ರಿಕೆಗಳಲ್ಲಿ ಬಂತು. ಹಿಂದೂ ಮಹಾಸಾಗರದ ತಳ, ಸುಮಾರು 4,500 ಮೀಟರ್ ಆಳ, ಬಂಡೆಗಳ ನಡುವೆ ಬುಗ್ಗೆಯಾಗಿ ಉಕ್ಕುತ್ತಿರುವ ಬಿಸಿನೀರು. ಚೆನ್ನೈ ಮತ್ತು ಗೋವಾದ ಸಾಗರ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಮನುಷ್ಯರಿಲ್ಲದ ಜಲವಾಹನ ಇಳಿಸಿ ತೆಗೆದ ಚಿತ್ರ ಅದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ. ಕಾರ್ಲ್ಸ್‌ಬರ್ಗ್ ರಿಡ್ಜ್ ಎಂಬ ಸಮುದ್ರದೊಳಗಿನ ಬೆಟ್ಟಸಾಲಿನಲ್ಲಿ ಖನಿಜ ಹುಡುಕಲು ಭಾರತ 15 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿತು. ಆ ಸಾಲು ನಮ್ಮ ಕರಾವಳಿಯ ಎದುರಿನ ಅರಬ್ಬಿ ಸಮುದ್ರದಾಚೆಗೆ ಹಾದುಹೋಗುತ್ತದೆ.

ಎರಡೂ ಸುದ್ದಿಗಳಲ್ಲಿ ಜಾಸ್ತಿ ಮಾತು ನಡೆದದ್ದು ತಾಮ್ರ, ಸತು, ಚಿನ್ನದ ಬಗ್ಗೆ. ಆದರೆ ಆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಜೀವಿಗಳಿವೆ. ಕುದಿಯುವ ನೀರೇ ಅವುಗಳ ಮನೆ. ಆ ಜೀವಿಗಳೊಳಗೆ ಇನ್ನೂ ಸಣ್ಣ ಸಂಗತಿಯೊಂದಿದೆ: ಒಂದು ಜೀವಕೋಶದಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಹೋಗಿ ನೆಲೆಸುವ ಡಿಎನ್‌ಎ ತುಣುಕುಗಳು. ಈ ಲೇಖನ ಅವುಗಳ ಬಗ್ಗೆ. ವಿಷಯ ದೂರದ್ದು ಅನ್ನಿಸಬಹುದು. ಆದರೆ ಇಂದು ಭತ್ತದ ಹೊಸ ತಳಿಗೆ ಬಳಸುವ ತಂತ್ರದ ಬೇರು, ಆಸ್ಪತ್ರೆಗಳಲ್ಲಿ ಔಷಧಿಗೆ ಬಗ್ಗದ ಸೋಂಕಿನ ಮೂಲ, ಎರಡೂ ಇಂಥ ತುಣುಕುಗಳಲ್ಲೇ ಇವೆ.

ಬುಗ್ಗೆ ಹುಟ್ಟುವುದು ಹೇಗೆ?

ಭೂಮಿಯ ಹೊರಪದರ ದೊಡ್ಡ ದೊಡ್ಡ ಹಲಗೆಗಳಾಗಿ ಒಡೆದಿದೆ. ಸಮುದ್ರದ ತಳದಲ್ಲಿ ಎರಡು ಹಲಗೆಗಳು ದೂರ ಸರಿಯುವ ಕಡೆ ಬಿರುಕು ಬೀಳುತ್ತದೆ. ತಣ್ಣನೆಯ ನೀರು ಆ ಬಿರುಕಿಗೆ ಇಳಿಯುತ್ತದೆ. ಕೆಳಗಿನ ಕರಗಿದ ಕಲ್ಲಿನ ಕಾವಿಗೆ ಬಿಸಿಯಾಗುತ್ತದೆ. ದಾರಿಯಲ್ಲಿ ಬಂಡೆಯಿಂದ ಲೋಹ, ಗಂಧಕಗಳನ್ನು ಕರಗಿಸಿಕೊಂಡು ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ಹೊರಗಿನ ಸಮುದ್ರದ ನೀರು ಹೆಚ್ಚೆಂದರೆ 2ರಿಂದ 4 ಡಿಗ್ರಿ. ಬಿಸಿನೀರು ಅದಕ್ಕೆ ತಾಗಿದ ಕೂಡಲೇ ಕರಗಿದ್ದ ಲೋಹವೆಲ್ಲ ಕಪ್ಪು ಪುಡಿಯಾಗಿ ಹೊರಬೀಳುತ್ತದೆ. ನಮಗೆ ಹೊಗೆಯಂತೆ ಕಾಣುವುದು ಆ ಪುಡಿ. ಅದೇ ಪುಡಿ ಸುತ್ತಲೂ ಕೂತು ಕೂತು ಕೊಳವೆಯಾಗಿ ಬೆಳೆಯುತ್ತದೆ.

1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ, ಅಮೆರಿಕದ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದವರು ಇಂಥ ಜಾಗವನ್ನೂ ಅಲ್ಲಿ ಗುಂಪುಗಟ್ಟಿದ್ದ ಜೀವಿಗಳನ್ನೂ ಮೊದಲ ಸಲ ಕಂಡರು. ಅಲ್ಲಿಯ ನೀರು ಬರೀ ಬೆಚ್ಚಗಿತ್ತು. ಎರಡು ವರ್ಷದ ನಂತರ ಮೆಕ್ಸಿಕೋ ಕಡೆಯ ಪೆಸಿಫಿಕ್ ತಳದಲ್ಲಿ ಕಪ್ಪು ಹೊಗೆಯ ಕೊಳವೆ ಸಿಕ್ಕಿತು. ಉಷ್ಣತೆ ಅಳೆಯಲು ಒಳಗೆ ಚುಚ್ಚಿದ ಸಾಧನದ ಪ್ಲಾಸ್ಟಿಕ್ ಭಾಗ ಕರಗಿಯೇ ಹೋಯಿತು. ಆಮೇಲೆ ಬೇರೆ ಸಾಧನ ತಂದು ಅಳೆದಾಗ ಸುಮಾರು 350 ಡಿಗ್ರಿ ಅಥವಾ ಅದಕ್ಕೂ ಮೇಲೆ.

ಅಷ್ಟು ಬಿಸಿಯಲ್ಲಿ ನೀರು ಆವಿಯಾಗುವುದಿಲ್ಲವೇ? ಇಲ್ಲಿ ಪ್ರೆಷರ್ ಕುಕ್ಕರ್ ನೆನಪು ಮಾಡಿಕೊಳ್ಳಿ. ಮುಚ್ಚಳ ಬಿಗಿದು ಒತ್ತಡ ಹೆಚ್ಚಿಸಿದರೆ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಹೋಗುತ್ತದೆ. 2,500 ಮೀಟರ್ ಆಳದಲ್ಲಿ ಮೇಲಿನ ನೀರಿನ ಭಾರ ನಮ್ಮ ನೆಲದ ಮೇಲಿನ ಗಾಳಿಯ ಒತ್ತಡದ ಸುಮಾರು 250 ಪಟ್ಟು. ಹಾಗಾಗಿ ನೀರು ನೀರಾಗಿಯೇ ಉಳಿಯುತ್ತದೆ.

350 ಡಿಗ್ರಿಯಲ್ಲಿ ಯಾವ ಜೀವಿಯೂ ಬದುಕುವುದಿಲ್ಲ. ಜೀವಿಗಳಿರುವುದು ಕೊಳವೆಯ ಗೋಡೆಯಲ್ಲಿ. ನಮ್ಮ ಹಳ್ಳಿ ಮನೆಗಳ ಬಚ್ಚಲೊಲೆ ನೋಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಒಳಗೆ ಬೆಂಕಿ ಉರಿಯುತ್ತಿರುತ್ತದೆ, ಹೊರಗಿನ ಗೋಡೆಗೆ ಬೆನ್ನು ಕೊಟ್ಟರೆ ಹಿತವಾದ ಬಿಸಿ. ಒಂದು ಗೇಣು ಗೋಡೆಯೊಳಗೇ ಎಲ್ಲ ಬಗೆಯ ಬಿಸಿಯೂ ಇದೆ. ಬುಗ್ಗೆಯ ಕೊಳವೆಯೂ ಹಾಗೆಯೇ. ಯಾರಿಗೆ ಎಷ್ಟು ಬಿಸಿ ಬೇಕೋ ಆ ಪದರದಲ್ಲಿ ಅವರು ವಾಸ ಮಾಡುತ್ತಾರೆ.

ಅಲ್ಲಿ ವಾಸ ಮಾಡುವವರು

ಇವು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಕೆಲವು ಬ್ಯಾಕ್ಟೀರಿಯಾ, ತೀರಾ ಬಿಸಿ ಇಷ್ಟಪಡುವವುಗಳಲ್ಲಿ ಬಹುಪಾಲು ಆರ್ಕಿಯಾ. ಆರ್ಕಿಯಾ ನೋಡಲು ಬ್ಯಾಕ್ಟೀರಿಯಾದಂತೆಯೇ ಇದ್ದರೂ ಅದರ ವಂಶವೇ ಬೇರೆ. ಇದನ್ನು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಪ್ರಕಟಿಸಿದ್ದು ಕೂಡ 1977ರಲ್ಲೇ, ಬುಗ್ಗೆ ಸಿಕ್ಕ ವರ್ಷವೇ.

ಈ ಲೇಖನದಲ್ಲಿ ಪದೇ ಪದೇ ಬರುವ ಎರಡು ಹೆಸರು ಪೈರೋಕಾಕಸ್ ಮತ್ತು ಥರ್ಮೋಕಾಕಸ್. ಇವೆರಡು ಅಕ್ಕತಂಗಿ ಕುಲಗಳು. ಪೈರೋಕಾಕಸ್ ಅಂದರೆ ಬೆಂಕಿಯ ಗುಂಡು. ಪೈರೋಕಾಕಸ್ ಅಬಿಸ್ಸಿ ಎಂಬುದು ಪೆಸಿಫಿಕ್‌ನ ಫಿಜಿ ಕಡೆಯ ಬುಗ್ಗೆಯಲ್ಲಿ 2,000 ಮೀಟರ್ ಆಳದಲ್ಲಿ ಸಿಕ್ಕಿತು. ಅದು ಚೆನ್ನಾಗಿ ಬೆಳೆಯುವುದು 96 ಡಿಗ್ರಿಯಲ್ಲಿ. ಇದುವರೆಗಿನ ದಾಖಲೆ ಮಾತ್ರ ನಮ್ಮ ಹಿಂದೂ ಮಹಾಸಾಗರದ ಜೀವಿಯದು. ಅಲ್ಲಿಯ ಕೈರೇ ಎಂಬ ಬುಗ್ಗೆ ಕ್ಷೇತ್ರದಿಂದ ತಂದ ಮೆಥನೋಪೈರಸ್‌ನ ಒಂದು ತಳಿ 122 ಡಿಗ್ರಿಯಲ್ಲೂ ಮರಿ ಮಾಡಿತು ಎಂದು ಜಪಾನಿನ ತಂಡ 2008ರಲ್ಲಿ ತೋರಿಸಿತು. ಆಸ್ಪತ್ರೆಯಲ್ಲಿ ಕತ್ತರಿ, ಚಾಕುಗಳನ್ನು ಶುದ್ಧ ಮಾಡುವ ಯಂತ್ರದ ಬಿಸಿ 121 ಡಿಗ್ರಿ.

ಹಾಡಿನ ಪುಸ್ತಕ ಮತ್ತು ಸಡಿಲ ಚೀಟಿಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಡಿಎನ್‌ಎ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಜೀವಿಯ ದೇಹ ಏನೇನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ಅದರಲ್ಲಿ ಒಂದು ಕೆಲಸಕ್ಕೆ ಬೇಕಾದ ಭಾಗ ಒಂದು ಜೀನ್.

ಅನೇಕ ಮನೆಗಳಲ್ಲಿ ಅಜ್ಜಿಯ ಹಾಡಿನ ನೋಟ್‌ಬುಕ್ ಇರುತ್ತದೆ ಅಲ್ವಾ? ಅಜ್ಜಿ ಬರೆದಿದ್ದನ್ನು ಅಮ್ಮ ನಕಲು ಮಾಡಿಕೊಂಡಿರುತ್ತಾರೆ, ಅಮ್ಮನದ್ದನ್ನು ಮಗಳು. ಜೀವಕೋಶ ಎರಡಾಗಿ ಒಡೆಯುವಾಗ ಡಿಎನ್‌ಎ ನಕಲಾಗುವುದು ಹೀಗೆಯೇ, ಮೇಲಿನಿಂದ ಕೆಳಕ್ಕೆ. ಆದರೆ ಆ ನೋಟ್‌ಬುಕ್ ತೆಗೆದು ನೋಡಿ. ನಡುನಡುವೆ ಸಡಿಲ ಹಾಳೆಗಳಿರುತ್ತವೆ. ಭಜನಾ ಮಂಡಳಿಯಲ್ಲಿ ಪಕ್ಕದವರಿಂದ ಬರೆಸಿಕೊಂಡ ಆರತಿ ಹಾಡು, ಯಾರದ್ದೋ ಮದುವೆ ಮನೆಯಲ್ಲಿ ಸಿಕ್ಕ ಸೋಬಾನೆ ಪದ. ಇವು ಅಜ್ಜಿಯಿಂದ ಬಂದವಲ್ಲ, ಪಕ್ಕದಿಂದ ಬಂದವು.

ಜೀವಿಗಳಲ್ಲೂ ಇಂಥ ಚೀಟಿಗಳಿವೆ. ಜಾಗ ಬದಲಿಸುವ ಡಿಎನ್‌ಎ ಅನ್ನುವುದು ಇವಕ್ಕೇ. ಮುಖ್ಯವಾಗಿ ನಾಲ್ಕು ಬಗೆ. ಪ್ಲಾಸ್ಮಿಡ್ ಎಂದರೆ ಪುಸ್ತಕಕ್ಕೆ ಹೊಲಿಯದೆ ಸುಮ್ನೆ ಒಳಗಿಟ್ಟ ಚೀಟಿ. ಅದು ಬಳೆಯಂತೆ ದುಂಡಗಿನ ಸಣ್ಣ ಡಿಎನ್‌ಎ, ತನ್ನ ನಕಲನ್ನು ತಾನೇ ಮಾಡಿಸಿಕೊಳ್ಳುತ್ತದೆ. ವೈರಸ್ ಎಂದರೆ ಲಕೋಟೆಯೊಳಗಿನ ಚೀಟಿ. ಮೂರನೆಯದು ಜಿಗಿಯುವ ಜೀನ್: ಪುಸ್ತಕದೊಳಗೇ ಒಂದು ಪುಟದಿಂದ ಕಿತ್ತುಕೊಂಡು ಇನ್ನೊಂದು ಪುಟಕ್ಕೆ ಅಂಟಿಕೊಳ್ಳುವ ಪದ್ಯ. ನಾಲ್ಕನೆಯದು ಹೊರಗಿನಿಂದ ಬಂದು ಪುಸ್ತಕಕ್ಕೆ ಗಟ್ಟಿಯಾಗಿ ಹೊಲಿದುಹೋದ ಚೀಟಿ. ಒಂದು ಬಗೆ ಇನ್ನೊಂದಾಗುವುದೂ ಉಂಟು. ವೈರಸ್ ತನ್ನ ಲಕೋಟೆ ಕಳೆದುಕೊಂಡರೆ ಪ್ಲಾಸ್ಮಿಡ್‌ನಂತೆ ಬದುಕಬಹುದು.

ಜಿಗಿಯುವ ಜೀನ್ ಇದೆ ಎಂದು ಮೊದಲು ಕಂಡುಕೊಂಡವರು ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್. ಅದೂ ಮೆಕ್ಕೆಜೋಳದಲ್ಲಿ, 1940ರ ದಶಕದಲ್ಲಿ. ಒಂದೇ ತೆನೆಯ ಕಾಳುಗಳಲ್ಲಿ ಚುಕ್ಕೆ ಚುಕ್ಕೆ ಬಣ್ಣ ಯಾಕೆ ಬರುತ್ತದೆ ಎಂದು ಹುಡುಕುತ್ತಾ ಹೋದಾಗ ಡಿಎನ್‌ಎಯ ಭಾಗಗಳು ಜಾಗ ಬದಲಿಸುವುದು ತಿಳಿಯಿತು. ತುಂಬಾ ಜನ ನಂಬಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷವಾಗಿದ್ದಾಗ.

ಕುದಿನೀರಿನಲ್ಲಿ ಡಿಎನ್‌ಎ ಬಿಚ್ಚಿಹೋಗಲ್ವಾ?

ಈ ಪ್ರಶ್ನೆ ಬಂದೇ ಬರುತ್ತದೆ. ಡಿಎನ್‌ಎ ಎರಡು ಎಳೆಗಳನ್ನು ಹೊಸೆದ ಹಗ್ಗದಂತೆ. ಬಿಸಿ ಮಾಡಿದರೆ ಎಳೆಗಳು ಬೇರೆಯಾಗುತ್ತವೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಮಾಡಿಸಿಕೊಂಡ ಆರ್‌ಟಿಪಿಸಿಆರ್ ಪರೀಕ್ಷೆಯಲ್ಲಿ ಬೇಕೆಂದೇ ಸುಮಾರು 95 ಡಿಗ್ರಿಗೆ ಕಾಯಿಸಿ ಎಳೆ ಬಿಡಿಸುತ್ತಾರೆ. ಹಾಗಿದ್ದರೆ 96 ಡಿಗ್ರಿಯಲ್ಲಿ ಆರಾಮಾಗಿರುವ ಪೈರೋಕಾಕಸ್ ಹೇಗೆ ಉಳಿಯುತ್ತದೆ?

ಉತ್ತರದ ಮೊದಲ ಭಾಗ ಬಳೆಯ ಆಕಾರದಲ್ಲಿದೆ. ಎರಡು ತುದಿ ಬಿಟ್ಟ ಹಗ್ಗವನ್ನು ಬಿಚ್ಚುವುದು ಸುಲಭ. ತುದಿಗಳನ್ನು ಒಂದಕ್ಕೊಂದು ಸೇರಿಸಿ ಬಿಗಿದ ಹಗ್ಗದಲ್ಲಿ ಎಳೆಗಳು ತಿರುಗಲು ಜಾಗವೇ ಇಲ್ಲ. ಫ್ರಾನ್ಸ್‌ನ ಪ್ರಯೋಗಾಲಯವೊಂದು 1994ರಲ್ಲಿ ಇದನ್ನು ಪರೀಕ್ಷಿಸಿತು. ಮುಚ್ಚಿದ ಬಳೆಯಂಥ ಡಿಎನ್‌ಎ 107 ಡಿಗ್ರಿಯವರೆಗೂ ಎರಡೆಳೆಯಾಗಿಯೇ ಉಳಿಯಿತು. ಪ್ಲಾಸ್ಮಿಡ್‌ಗಳು ಇಂಥ ಬಳೆಗಳೇ. ಆರ್ಕಿಯಾದ ಮುಖ್ಯ ಡಿಎನ್‌ಎ ಕೂಡ ದೊಡ್ಡದೊಂದು ಬಳೆ.

ಎರಡನೆಯದು ಹೊಸೆತದ ಬಿಗಿ. ನಮ್ಮ ಕರುಳಿನ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಹೊಸೆತವನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಳ್ಳುತ್ತದೆ. ಓದಬೇಕಾದಾಗ ಬೇಗ ಬಿಚ್ಚಲು ಅದು ಅನುಕೂಲ. ಕುದಿನೀರಿನ ಜೀವಿಗಳಲ್ಲಿ ರಿವರ್ಸ್ ಗೈರೇಸ್ ಎಂಬ ಕಿಣ್ವವಿದೆ. ಕಿಣ್ವ ಅಂದರೆ ಕೋಶದೊಳಗೆ ಕೆಲಸ ಮಾಡುವ ಪ್ರೋಟೀನ್. ಇದು ಹೊಸೆತವನ್ನು ಇನ್ನಷ್ಟು ಬಿಗಿ ಮಾಡಬಲ್ಲದು, ಬತ್ತಿಯನ್ನು ಅಂಗೈಯಲ್ಲಿ ಇನ್ನೊಂದು ಸುತ್ತು ಹೊಸೆದ ಹಾಗೆ. ತೀರಾ ಬಿಸಿಯಲ್ಲಿ ಬದುಕುವ ಜೀವಿಗಳನ್ನು ಗುರುತಿಸಲು ಈ ಒಂದು ಜೀನ್ ನೋಡಿದರೆ ಸಾಕು ಎನ್ನುವಷ್ಟು ಅದು ಅವುಗಳಲ್ಲೆಲ್ಲ ಇದೆ. ಇದರ ಜೊತೆಗೆ ಕೋಶದೊಳಗಿನ ಲವಣಗಳು, ಡಿಎನ್‌ಎಗೆ ಅಂಟಿಕೊಳ್ಳುವ ಸಣ್ಣ ಅಣುಗಳು, ಮುರಿದದ್ದನ್ನು ತಕ್ಷಣ ರಿಪೇರಿ ಮಾಡುವ ಕಿಣ್ವಗಳು ಎಲ್ಲ ಸೇರಿ ಹಗ್ಗವನ್ನು ಕಾಪಾಡುತ್ತವೆ.

ಪೈರೋಕಾಕಸ್ ಅಬಿಸ್ಸಿಯ ಒಂದು ತಳಿಯಲ್ಲಿ ಪಿಜಿಟಿ5 ಎಂಬ ಪ್ಲಾಸ್ಮಿಡ್ ಸಿಕ್ಕಿದೆ. ಅದರ ಉದ್ದ ಬರೀ 3,444 ಅಕ್ಷರ. ಆ ಜೀವಿಯ ಪೂರ್ತಿ ಪುಸ್ತಕ ಸುಮಾರು 18 ಲಕ್ಷ ಅಕ್ಷರದ್ದು. ಇಷ್ಟು ಪುಟ್ಟ ಬಳೆ ನಕಲಾಗುವ ರೀತಿ ನೋಡಲು ಚೆಂದ. ಒಂದು ಎಳೆಗೆ ಒಂದು ಕಡೆ ಕತ್ತರಿ ಬೀಳುತ್ತದೆ. ನೂಲಿನ ಉಂಡೆಯಿಂದ ದಾರ ಎಳೆದಂತೆ ಆ ಎಳೆ ಬಿಚ್ಚುತ್ತಾ ಹೋಗುತ್ತದೆ, ಬಿಚ್ಚಿದ ಜಾಗದಲ್ಲಿ ಹೊಸ ಎಳೆ ತುಂಬುತ್ತಾ ಬರುತ್ತದೆ. ಆ ಮೊದಲ ಕತ್ತರಿಯನ್ನು ಹಾಕುವ ಪ್ರೋಟೀನಿನ ಜೀನ್ ಆ ಚೀಟಿಯಲ್ಲೇ ಬರೆದಿದೆ.

ಒಂದು ಕೋಶದಿಂದ ಇನ್ನೊಂದಕ್ಕೆ ದಾರಿ

ಕೋಶದೊಳಗೆ ಉಳಿಯುವುದು ಒಂದು ಮಾತು, ಹೊರಗೆ ಬಿಸಿನೀರಿನಲ್ಲಿ ಪ್ರಯಾಣ ಮಾಡುವುದು ಇನ್ನೊಂದು. ಬರಿಮೈಯ ಡಿಎನ್‌ಎ ಅಲ್ಲಿ ಬೇಗ ಹಾಳಾಗುತ್ತದೆ. ಅದಕ್ಕೊಂದು ಹೊದಿಕೆ ಬೇಕು.

ವೈರಸ್‌ಗೆ ಹೊದಿಕೆ ಹುಟ್ಟಿನಿಂದಲೇ ಇದೆ. 2003ರಲ್ಲಿ ಪೈರೋಕಾಕಸ್ ಅಬಿಸ್ಸಿಯ ಇನ್ನೊಂದು ತಳಿಯಲ್ಲಿ ಪಿಎವಿ1 ಎಂಬ ವೈರಸ್ ಸಿಕ್ಕಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ನಿಂಬೆಹಣ್ಣಿನ ಆಕಾರದಲ್ಲಿದೆ, ಒಂದು ತುದಿಗೆ ಸಣ್ಣ ಬಾಲ. ಉದ್ದ ಒಂದು ಮಿಲಿಮೀಟರಿನ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಒಳಗೆ ಸುಮಾರು 18,000 ಅಕ್ಷರಗಳ ಡಿಎನ್‌ಎ ಬಳೆ. ಇಂಥ ನಿಂಬೆ ಆಕಾರದ ವೈರಸ್‌ಗಳನ್ನು ಆರ್ಕಿಯಾಗಳಲ್ಲಿ ಮಾತ್ರ ಕಂಡಿದ್ದಾರೆ. ನಮಗೆ ಗೊತ್ತಿರುವ ಎಷ್ಟೋ ವೈರಸ್‌ಗಳು ಹೊಕ್ಕ ಕೋಶವನ್ನು ಒಡೆದು ಹೊರಬರುತ್ತವೆ. ಪಿಎವಿ1 ಹಾಗೆ ಮಾಡುವುದಿಲ್ಲ. ಕೋಶ ಬದುಕಿಯೇ ಇರುತ್ತದೆ, ವೈರಸ್ ಹೊರಗೆ ಹೋಗುತ್ತಲೇ ಇರುತ್ತದೆ. ಹೊರಗಿನ ನೀರು ಅಷ್ಟು ಕಠಿಣವಾಗಿರುವಾಗ ಒಳಗೆ ಉಳಿಯುವುದೇ ಅದಕ್ಕೆ ಲಾಭ ಎಂದು ಅನೇಕ ವಿಜ್ಞಾನಿಗಳು ಊಹಿಸುತ್ತಾರೆ.

ಪ್ಲಾಸ್ಮಿಡ್‌ಗೆ ಇಂಥ ಲಕೋಟೆ ಇಲ್ಲ. ಇಲ್ಲಿಂದ ಮುಂದಿನ ಸಂಗತಿ ನನಗೆ ಈ ಇಡೀ ವಿಷಯದಲ್ಲೇ ತುಂಬಾ ಇಷ್ಟವಾದದ್ದು.

ಥರ್ಮೋಕಾಕಸ್ ಕೋಶಗಳು ತಮ್ಮ ಮೈಯ ಹೊರಪೊರೆಯಿಂದ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತವೆ. ಅಂಬಲಿ ಕುದಿಯುವಾಗ ಮೇಲೆ ಗುಳ್ಳೆ ಉಬ್ಬಿ ಬರುತ್ತದಲ್ಲ, ಹಾಗೆ ಪೊರೆ ಉಬ್ಬಿ, ಕಿತ್ತುಕೊಂಡು ತೇಲಿಹೋಗುತ್ತದೆ. ಮೊದಮೊದಲು ಸಂಶೋಧಕರು ಇವನ್ನು ವೈರಸ್ ಎಂದೇ ತಪ್ಪು ತಿಳಿಯುವ ಸಾಧ್ಯತೆಯಿತ್ತು, ಗಾತ್ರ ಆಕಾರ ಎರಡೂ ಹಾಗೇ ಇದ್ದವು. 2008ರಲ್ಲಿ ಫ್ರಾನ್ಸ್‌ನ ಪ್ಯಾಟ್ರಿಕ್ ಫೋರ್ಟೇರ್ ಅವರ ಬಳಗ ಒಂದು ವಿಷಯ ತೋರಿಸಿತು. ಈ ಗುಳ್ಳೆಗಳ ಜೊತೆ ಡಿಎನ್‌ಎ ಇದೆ, ಮತ್ತು ಗುಳ್ಳೆಯ ಜೊತೆಗಿರುವ ಡಿಎನ್‌ಎ ಬರಿಮೈಯ ಡಿಎನ್‌ಎಗಿಂತ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. 2013ರಲ್ಲಿ ಮುಂದಿನ ಹೆಜ್ಜೆ. ಗುಳ್ಳೆಯ ಮೂಲಕ ಪ್ಲಾಸ್ಮಿಡ್ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಹೋಗಿ ಅಲ್ಲಿ ನೆಲೆಸಬಲ್ಲದು ಎಂದು ಪ್ರಯೋಗದಲ್ಲಿ ಕಂಡಿತು.

ಆ ಮೇಲಿನ ವರ್ಷ ಇನ್ನೂ ವಿಚಿತ್ರವಾದದ್ದು ಬಂತು. ಥರ್ಮೋಕಾಕಸ್ ನಾಟಿಲಿ ಎಂಬ ಪೂರ್ವ ಪೆಸಿಫಿಕ್ ಬುಗ್ಗೆಯ ಜೀವಿಯಲ್ಲಿ ಮೂರು ಪ್ಲಾಸ್ಮಿಡ್‌ಗಳಿವೆ. ಅವುಗಳಲ್ಲಿ ಪಿಟಿಎನ್3 ಎಂಬುದನ್ನು ಓದಿ ನೋಡಿದರೆ ಅದು ವೈರಸ್ಸಿನ ವಂಶದ್ದು. ಆದರೆ ಅದು ವೈರಸ್ ಕಣಗಳನ್ನು ಕಟ್ಟುವುದು ಕಾಣಲಿಲ್ಲ. ಲಕೋಟೆ ಕಳೆದುಕೊಂಡ ಆ ಡಿಎನ್‌ಎ ಕೋಶ ಬಿಡುವ ಗುಳ್ಳೆಗಳೊಳಗೆ ಕುಳಿತು ಹೊರಗೆ ಹೋಗುತ್ತಿತ್ತು. ಸ್ವಂತ ಗಾಡಿ ಕೆಟ್ಟವರು ಊರಿನ ಬಸ್ಸು ಹತ್ತಿದ ಹಾಗೆ. ವೈರಸ್ ಎಲ್ಲಿ ಮುಗಿಯುತ್ತದೆ, ಪ್ಲಾಸ್ಮಿಡ್ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

ಇನ್ನೂ ಒಂದು ದಾರಿ ಇದೆ. ಕೆಲವು ಕೋಶಗಳು ಹೊರಗೆ ಬಿದ್ದಿರುವ ಡಿಎನ್‌ಎಯನ್ನು ನೇರವಾಗಿ ಒಳಗೆ ಎಳೆದುಕೊಳ್ಳುತ್ತವೆ. ಥರ್ಮೋಕಾಕಸ್ ಕೊಡಕರೆನ್ಸಿಸ್ ಅಂಥದ್ದು. ಈ ಗುಣದಿಂದಲೇ ಪ್ರಯೋಗಾಲಯಗಳಿಗೆ ಅದು ಅಚ್ಚುಮೆಚ್ಚು.

ಎಲ್ಲಿ ಇಳಿಯುವುದು?

ಹೊಸ ಕೋಶಕ್ಕೆ ಬಂದ ಚೀಟಿ ಸಡಿಲವಾಗಿ ಉಳಿದರೆ ಒಂದಲ್ಲ ಒಂದು ದಿನ ಕಳೆದುಹೋಗಬಹುದು. ಪುಸ್ತಕಕ್ಕೇ ಹೊಲಿದುಕೊಂಡರೆ ಭದ್ರ. ಆದರೆ ಎಲ್ಲೋ ಒಂದು ಕಡೆ ನುಗ್ಗಿದರೆ ಬೇಕಾದ ಜೀನ್ ಹಾಳಾಗಿ ಕೋಶವೇ ಸಾಯಬಹುದು. ಕೋಶ ಸತ್ತರೆ ಚೀಟಿಯೂ ಹೋಯಿತು.

ಅದಕ್ಕೆ ಇವು ಹುಡುಕಿಕೊಂಡ ಜಾಗ ಟಿಆರ್‌ಎನ್‌ಎ ಜೀನ್‌ಗಳು. ಪ್ರೋಟೀನ್ ಕಟ್ಟಲು ಬೇಕಾದ ಕಚ್ಚಾ ಸಾಮಾನು ಹೊತ್ತು ತರುವ ಅಣುವೇ ಟಿಆರ್‌ಎನ್‌ಎ. ಅದಿಲ್ಲದೆ ಯಾವ ಜೀವಿಯೂ ಇಲ್ಲ, ಅದರ ಬರಹವೂ ಒಂದು ಜಾತಿಯಿಂದ ಇನ್ನೊಂದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡ್ ಇದ್ದೇ ಇರುತ್ತದೆ, ಗುರುತೂ ಸಿಗುತ್ತದೆ. ಹೊಸ ಊರಿನಲ್ಲಿ ಇಳಿಯಲು ಅದಕ್ಕಿಂತ ಖಾತ್ರಿಯಾದ ಜಾಗ ಯಾವುದಿದೆ? ಚೀಟಿಯ ಒಂದು ತುದಿಯಲ್ಲಿ ಆ ಟಿಆರ್‌ಎನ್‌ಎ ಬರಹದ ಕೊನೆಯ ಸಾಲುಗಳ ನಕಲು ಇರುತ್ತದೆ. ಹಾಗಾಗಿ ಅದು ನಡುವೆ ಸೇರಿಕೊಂಡ ಮೇಲೂ ಟಿಆರ್‌ಎನ್‌ಎ ಜೀನ್ ಪೂರ್ತಿಯಾಗಿಯೇ ಉಳಿಯುತ್ತದೆ. ಮನೆಯವರಿಗೆ ತೊಂದರೆ ಇಲ್ಲ.

ಹೊಲಿಯುವ ಕೆಲಸ ಮಾಡುವುದು ಇಂಟಿಗ್ರೇಸ್ ಎಂಬ ಕಿಣ್ವ. ಅದರ ಜೀನ್ ಚೀಟಿಯಲ್ಲೇ ಇರುತ್ತದೆ. ಆರ್ಕಿಯಾಗಳ ಒಂದು ಬಗೆಯ ಇಂಟಿಗ್ರೇಸ್‌ನಲ್ಲಿ ಒಂದು ವಿಶೇಷವಿದೆ. ಹೊಲಿಗೆ ಬೀಳುವ ಜಾಗ ಅದರ ಸ್ವಂತ ಜೀನಿನ ಮಧ್ಯದಲ್ಲೇ ಇದೆ! ಅಂದರೆ ಹೊಲಿದ ಕ್ಷಣವೇ ಆ ಜೀನ್ ಎರಡು ತುಂಡಾಗಿ ಚೀಟಿಯ ಎರಡು ಕೊನೆಗೆ ಹೋಗುತ್ತದೆ. ಒಳಗೆ ಬಂದು ಬೀಗ ಹಾಕಿ ಕೀಲಿಯನ್ನೇ ಮುರಿದ ಹಾಗಾಯಿತು. ಮತ್ತೆ ಹೊರಗೆ ಹೋಗಬೇಕಾದರೆ ಬೇರೆ ಕಡೆಯಿಂದ ಇಡೀ ಕೀಲಿ ಬರಬೇಕು. ಹೀಗೆ ಸಿಕ್ಕಿಕೊಂಡ ಹಳೆಯ ಚೀಟಿಗಳನ್ನು ವಿಜ್ಞಾನಿಗಳು ಆ ಎರಡು ಅರ್ಧಗಳ ಗುರುತು ಹಿಡಿದೇ ಹುಡುಕುತ್ತಾರೆ. 2005ರಲ್ಲಿ ಥರ್ಮೋಕಾಕಸ್ ಕೊಡಕರೆನ್ಸಿಸ್‌ನ ಪೂರ್ತಿ ಡಿಎನ್‌ಎ ಓದಿದಾಗ ವೈರಸ್ ಸಂಬಂಧದ ಇಂಥ ನಾಲ್ಕು ತುಣುಕುಗಳು ಸಿಕ್ಕವು.

ಇವು ಸುಮ್ಮನೆ ಕೂರುವುದೂ ಇಲ್ಲ. ಪಿಟಿಎನ್3ರ ಇಂಟಿಗ್ರೇಸ್ ಚೀಟಿ ಹೊಲಿಯುವುದರ ಜೊತೆಗೆ ಮುಖ್ಯ ಡಿಎನ್‌ಎಯ ದೊಡ್ಡ ದೊಡ್ಡ ಭಾಗಗಳನ್ನೇ ತಲೆಕೆಳಗು ಮಾಡಬಲ್ಲದು ಎಂದು 2017ರಲ್ಲಿ ಪ್ರಕಟವಾಯಿತು. ಪುಸ್ತಕದ ನೂರಾರು ಪುಟಗಳನ್ನು ಕಿತ್ತು ಹಿಂದುಮುಂದಾಗಿ ಹೊಲಿದಂತೆ. ಹತ್ತಿರದ ನೆಂಟರಾದ ಥರ್ಮೋಕಾಕಸ್‌ಗಳಲ್ಲಿ ಜೀನ್‌ಗಳ ಸಾಲು ಯಾಕೆ ಇಷ್ಟು ಕಲಸಿಹೋಗಿದೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಒಂದು ಉತ್ತರ ಸಿಕ್ಕಿತು.

ಸಕ್ಕರೆಯ ಚೀಟಿ

ಇವುಗಳಿಂದ ಜೀವಿಗೆ ಉಪಯೋಗವೇನಾದರೂ ಇದೆಯೇ? ಇಟಲಿಯ ಒಂದು ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿಯ ಎರಡು ಜೀವಿಗಳು: ವುಲ್ಕಾನೋ ದ್ವೀಪದ ಪೈರೋಕಾಕಸ್ ಫ್ಯೂರಿಯೋಸಸ್, ನೇಪಲ್ಸ್ ಹತ್ತಿರದ ಥರ್ಮೋಕಾಕಸ್ ಲಿಟೊರಾಲಿಸ್. ಎರಡೂ ಸಿಕ್ಕಿದ್ದು ದಡದ ಹತ್ತಿರದ ಬಿಸಿ ತಳದಲ್ಲಿ. ಆದರೆ ಆಳದ ಬುಗ್ಗೆಯವುಗಳಿಗೆ ಇವು ರಕ್ತಸಂಬಂಧಿಗಳು.

ಇವೆರಡು ಬೇರೆ ಬೇರೆ ಕುಲದವು. ಜೀನ್‌ಗಳನ್ನು ಹೋಲಿಸಿದರೆ ಬರಹದಲ್ಲಿ ಬಹಳ ವ್ಯತ್ಯಾಸವಿರಬೇಕು, ಇದೆ ಕೂಡ. ಆದರೆ ಸುಮಾರು 16,000 ಅಕ್ಷರಗಳ ಒಂದು ಭಾಗ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಒಂದೇ. 2000ದಲ್ಲಿ ಇದು ಪ್ರಕಟವಾಯಿತು. ಆ ಭಾಗದಲ್ಲಿರುವುದು ಮಾಲ್ಟೋಸ್, ಟ್ರೆಹಲೋಸ್ ಎಂಬ ಸಕ್ಕರೆಗಳನ್ನು ಹೊರಗಿನಿಂದ ಒಳಗೆ ಎಳೆದುಕೊಳ್ಳುವ ಜೀನ್‌ಗಳು. ಆಳ ಸಮುದ್ರದ ನೆಂಟರಾದ ಪೈರೋಕಾಕಸ್ ಅಬಿಸ್ಸಿ ಮತ್ತು ಜಪಾನ್ ಕಡೆಯ ಪೈರೋಕಾಕಸ್ ಹೊರಿಕೋಶಿಯಲ್ಲಿ ಈ ಭಾಗ ಇಲ್ಲ. ಸ್ವಂತ ದಾಯಾದಿಗಳಲ್ಲಿ ಇಲ್ಲದ್ದು ಬೇರೆ ಕುಲದ ನೆರೆಯವರಲ್ಲಿದೆ ಅಂದ ಮೇಲೆ ಅದು ಅಜ್ಜಿಯಿಂದ ಬಂದ ಹಾಡಲ್ಲ. ಗುರುತೂ ಉಳಿದಿದೆ. ಆ ಭಾಗದ ಅಂಚಿನಲ್ಲೇ ಜಿಗಿಯುವ ಜೀನ್‌ಗಳಿವೆ, ಹೊತ್ತು ತಂದವರು ಬಾಗಿಲಲ್ಲೇ ನಿಂತ ಹಾಗೆ.

ಇಂಥ ಕೊಡುಕೊಳ್ಳುವಿಕೆ ಒಂದೇ ಮನೆತನದೊಳಗೆ ನಿಲ್ಲುವುದಿಲ್ಲ. ವುಲ್ಕಾನೋದಲ್ಲೇ ಸಿಕ್ಕ ಥರ್ಮೋಟೋಗಾ ಮರಿಟಿಮಾ ಒಂದು ಬ್ಯಾಕ್ಟೀರಿಯಾ. 1999ರಲ್ಲಿ ಅದರ ಡಿಎನ್‌ಎ ಓದಿದಾಗ ಶೇ 24ರಷ್ಟು ಜೀನ್‌ಗಳು ಆರ್ಕಿಯಾಗಳ ಜೀನ್‌ಗೆ ಹೆಚ್ಚು ಹತ್ತಿರ ಎಂಬ ಲೆಕ್ಕ ಸಿಕ್ಕಿತು. ಬಿಸಿಯಲ್ಲಿ ಒಟ್ಟಿಗೆ ಬದುಕುವ ಬೇರೆ ಬೇರೆ ವಂಶದವರ ನಡುವೆ ಜೀನ್‌ಗಳು ಓಡಾಡಿರಬೇಕು ಎಂಬ ಚರ್ಚೆ ಜೋರಾದದ್ದು ಆಗಲೇ.

ಬುಗ್ಗೆಗಳಿಗೆ ಇದು ಯಾಕೆ ಮುಖ್ಯ ಎಂದರೆ, ಬುಗ್ಗೆ ಶಾಶ್ವತವಲ್ಲ. ಪೂರ್ವ ಪೆಸಿಫಿಕ್‌ನ ಒಂದೇ ಜಾಗದಲ್ಲಿ 1991ರಲ್ಲೂ 2006ರ ಹೊತ್ತಿಗೂ ಲಾವಾ ಉಕ್ಕಿ ಇದ್ದದ್ದೆಲ್ಲ ಮುಚ್ಚಿಹೋಯಿತು. ಬಿಸಿ ಏರುತ್ತದೆ, ಇಳಿಯುತ್ತದೆ, ಊಟ ಬದಲಾಗುತ್ತದೆ. ಹೊಸ ಗುಣ ಸ್ವಂತವಾಗಿ ಹುಟ್ಟಲು ಕಾಯುವ ಬದಲು ಪಕ್ಕದವರಿಂದ ಬಂದರೆ ಅದೇ ಬೇಗ.

ಕಾವಲುಗಾರನ ಕೋಲು ಬಂದದ್ದೆಲ್ಲಿಂದ?

ಬರುವ ಚೀಟಿಯೆಲ್ಲ ಒಳ್ಳೆಯದಲ್ಲ. ಕೋಶದ ಶಕ್ತಿ ಹೀರುವ ವೈರಸ್‌ಗಳೂ ಬರುತ್ತವೆ. ಅವುಗಳನ್ನು ತಡೆಯಲು ಇರುವ ಏರ್ಪಾಡುಗಳಲ್ಲಿ ಒಂದು ಈಗ ಎಲ್ಲರೂ ಕೇಳಿರುವ ಕ್ರಿಸ್ಪರ್.

ಪೊಲೀಸ್ ಠಾಣೆಯ ರೌಡಿ ಪಟ್ಟಿಯ ಹಾಗೆ ಇದು. ಒಳನುಗ್ಗಿದ ವೈರಸ್ ಅಥವಾ ಪ್ಲಾಸ್ಮಿಡ್‌ನಿಂದ ಒಂದು ಸಣ್ಣ ತುಂಡನ್ನು ಕತ್ತರಿಸಿ ಕೋಶ ತನ್ನ ಡಿಎನ್‌ಎಯ ಒಂದು ಕಡೆ ಸಾಲಾಗಿ ಅಂಟಿಸಿಟ್ಟುಕೊಳ್ಳುತ್ತದೆ. ಅದೇ ಮತ್ತೆ ಬಂದರೆ ಪಟ್ಟಿಯ ಜೊತೆ ಹೋಲಿಸಿ ಗುರುತು ಹಿಡಿದು ಕತ್ತರಿಸುತ್ತದೆ. ಬಿಸಿ ಇಷ್ಟಪಡುವ ಆರ್ಕಿಯಾಗಳಲ್ಲಿ ಬಹುತೇಕ ಎಲ್ಲದರಲ್ಲೂ ಈ ಪಟ್ಟಿ ಇದೆ. ಪೈರೋಕಾಕಸ್ ಫ್ಯೂರಿಯೋಸಸ್‌ನಲ್ಲಿ ಇಂಥ 7 ಪಟ್ಟಿಗಳಿವೆ.

ಹೊಸ ತುಂಡನ್ನು ಪಟ್ಟಿಗೆ ಅಂಟಿಸುವ ಕೆಲಸ ಕ್ಯಾಸ್1 ಎಂಬ ಪ್ರೋಟೀನಿನದು. 2014ರಲ್ಲಿ ವಿಜ್ಞಾನಿಗಳ ತಂಡವೊಂದು ಆರ್ಕಿಯಾ ಮತ್ತು ಬ್ಯಾಕ್ಟೀರಿಯಾಗಳ ಡಿಎನ್‌ಎ ಮಾಹಿತಿ ಜಾಲಾಡುವಾಗ, ಕ್ರಿಸ್ಪರ್‌ಗೆ ಸಂಬಂಧವೇ ಇಲ್ಲದ ಕಡೆ ಕ್ಯಾಸ್1ರಂಥದ್ದೇ ಜೀನ್ ಕಂಡಿತು. ಅದು ಕುಳಿತಿದ್ದು ಜಾಗ ಬದಲಿಸುವ ಒಂದು ಡಿಎನ್‌ಎ ತುಣುಕಿನೊಳಗೆ. ಆ ಬಗೆಯ ತುಣುಕಿಗೆ ಕ್ಯಾಸ್ಪೋಸಾನ್ ಎಂದು ಹೆಸರಿಟ್ಟರು. ಪುಸ್ತಕಕ್ಕೆ ತನ್ನನ್ನು ಹೊಲಿದುಕೊಳ್ಳಲು ಅದು ಬಳಸುವ ಸೂಜಿಯೇ ಈ ಪ್ರೋಟೀನ್.

ಇದನ್ನು ಪರೀಕ್ಷಿಸಲು ನೆರವಾದದ್ದು ಆಳ ಸಮುದ್ರದ ಬುಗ್ಗೆಯ ಒಂದು ಜೀವಿ. ಹೆಸರು ಅಸಿಡ್ಯುಲಿಪ್ರೊಫಂಡಮ್ ಬೂನಿ. ಪೆಸಿಫಿಕ್‌ನ ಲಾವ್ ಕೊಳ್ಳದ ಬುಗ್ಗೆಯಿಂದ ತಂದದ್ದು, 2006ರಲ್ಲಿ ಪ್ರಕಟವಾದದ್ದು. ಬಿಸಿ ಮತ್ತು ಹುಳಿ ಎರಡೂ ಅದಕ್ಕೆ ಬೇಕು. ಅದರ ಕ್ಯಾಸ್ಪೋಸಾನ್‌ನ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ನೋಡಿದಾಗ ಅದು ನಿಜಕ್ಕೂ ಡಿಎನ್‌ಎ ತುಣುಕನ್ನು ಇನ್ನೊಂದು ಡಿಎನ್‌ಎಗೆ ಸೇರಿಸಿತು. ಸೇರಿಸುವ ರೀತಿ ಕ್ರಿಸ್ಪರ್ ಪಟ್ಟಿಗೆ ಹೊಸ ತುಂಡು ಅಂಟಿಸುವ ರೀತಿಯನ್ನೇ ಹೋಲುತ್ತಿತ್ತು. ಅದು ಇಷ್ಟಪಟ್ಟ ಜಾಗ ಯಾವುದು ಗೊತ್ತೇ? ಒಂದು ಟಿಆರ್‌ಎನ್‌ಎ ಜೀನಿನ ಕೊನೆ. ಅದೇ ಬಸ್ ಸ್ಟ್ಯಾಂಡ್.

ಅಂದರೆ ಕಾವಲುಗಾರನ ಕೈಯಲ್ಲಿರುವ ಕೋಲು ಒಂದು ಕಾಲದಲ್ಲಿ ಒಳನುಗ್ಗಿದವನ ಕೈಯಲ್ಲಿದ್ದದ್ದು. ಬಹಳ ಹಿಂದೆ ಯಾವುದೋ ಕೋಶದಲ್ಲಿ ಸಿಕ್ಕಿಕೊಂಡ ಇಂಥ ತುಣುಕಿನ ಸೂಜಿಯನ್ನೇ ಕೋಶ ತನ್ನ ರಕ್ಷಣೆಗೆ ಬಳಸಿಕೊಂಡಿತು ಎಂಬುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ.

ನಮ್ಮ ಮನೆ ಬಾಗಿಲಿಗೆ ಬಂದಾಗ

2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಎರಡು ಜೀನ್ ತಿದ್ದಿದ ಭತ್ತದ ತಳಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು ಕಮಲಾ, ಸಾಂಬಾ ಮಸೂರಿಯನ್ನು ತಿದ್ದಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ತಯಾರಿಸಿದ್ದು. ತಿದ್ದಲು ಬಳಸಿದ್ದು ಕ್ರಿಸ್ಪರ್: ಗುರುತು ಹಿಡಿದು ಕತ್ತರಿಸುವ ಅದೇ ಏರ್ಪಾಡನ್ನು ವಿಜ್ಞಾನಿಗಳು ತಮಗೆ ಬೇಕಾದ ಜೀನ್ ಕತ್ತರಿಸಲು ಬಳಸುತ್ತಾರೆ. ಇದಕ್ಕೆಲ್ಲ ಬಳಸುವ ಕತ್ತರಿ ಬೇರೆ ಬ್ಯಾಕ್ಟೀರಿಯಾಗಳಿಂದ ಬಂದದ್ದು, ಬುಗ್ಗೆಯಿಂದಲ್ಲ. ಆದರೆ ಕ್ರಿಸ್ಪರ್ ಎಂಬ ಏರ್ಪಾಡು ಹುಟ್ಟಿದ ಕಥೆಯಲ್ಲಿ ಕ್ಯಾಸ್ಪೋಸಾನ್ ಇದೆ.

ಪ್ಲಾಸ್ಮಿಡ್‌ಗಳ ಇನ್ನೊಂದು ಮುಖ ನಮ್ಮ ಆಸ್ಪತ್ರೆಗಳಲ್ಲಿದೆ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡುವುದು ಬಹಳಷ್ಟು ಸಲ ಪ್ಲಾಸ್ಮಿಡ್ ಮತ್ತು ಜಿಗಿಯುವ ಜೀನ್‌ಗಳ ಮೂಲಕ. ಜ್ವರ ಇಳಿದ ಕೂಡಲೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರು ಬರೆದುಕೊಡದೆ ಔಷಧಿ ತಗೋಬೇಡಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಭಯವೂ ಇದೆ. ಬುಗ್ಗೆಯ ಜೀವಿಗಳಿಂದ ಮಾತ್ರ ನಮಗೆ ಅಂಥ ಅಪಾಯವಿಲ್ಲ. ನಮ್ಮ ಮೈಯ 37 ಡಿಗ್ರಿ ಅವಕ್ಕೆ ತೀರಾ ತಂಪು, ಅಲ್ಲಿ ಅವು ಬೆಳೆಯಲಾರವು.

ಉಪಕಾರವಂತೂ ಆಗಿದೆ. ಡಿಎನ್‌ಎ ನಕಲು ಮಾಡುವಾಗ ತಪ್ಪು ಕಡಿಮೆ ಇರಬೇಕಾದ ಕಡೆ ಅನೇಕ ಪ್ರಯೋಗಾಲಯಗಳು ಪೈರೋಕಾಕಸ್ ಫ್ಯೂರಿಯೋಸಸ್‌ನ ಕಿಣ್ವವನ್ನು ಬಳಸುತ್ತವೆ. ಪಿಜಿಟಿ5ರಂಥ ಪುಟ್ಟ ಪ್ಲಾಸ್ಮಿಡ್‌ಗಳನ್ನು ತಿದ್ದಿ, ಬಿಸಿ ಇಷ್ಟಪಡುವ ಕೋಶಗಳಿಗೆ ಬೇಕಾದ ಜೀನ್ ತಲುಪಿಸುವ ಗಾಡಿಗಳನ್ನಾಗಿ ಮಾಡಿಕೊಂಡಿದ್ದಾರೆ.

ಇದರಿಂದಲೇ ಇನ್ನೊಂದು ಪ್ರಶ್ನೆ ಬರುತ್ತದೆ: ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಸಿಕ್ಕ ಜೀನ್ ಯಾರದ್ದು? ಬುಗ್ಗೆಯ ಕೊಳವೆಯ ಕಲ್ಲು, ಅದರೊಳಗಿನ ತಾಮ್ರ, ಸತುಗಳ ವಿಷಯವನ್ನು ನೋಡಿಕೊಳ್ಳುವುದು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ. ಭಾರತ ಸಹಿ ಹಾಕಿದ್ದು ಅದರ ಜೊತೆ. ಅದೇ ಕಲ್ಲಿನ ರಂಧ್ರದಲ್ಲಿರುವ ಜೀವಿಗಳ ಜೀನ್‌ಗಳಿಗೆ ಬೇರೆಯದೇ ಒಪ್ಪಂದ. ದೇಶಗಳ ಗಡಿಯಾಚೆಗಿನ ಸಮುದ್ರದ ಜೀವವೈವಿಧ್ಯಕ್ಕಾಗಿ ವಿಶ್ವಸಂಸ್ಥೆಯಲ್ಲಿ 2023ರ ಜೂನ್‌ನಲ್ಲಿ ಅಂಗೀಕಾರವಾದ ಅದು 2026ರ ಜನವರಿಯಲ್ಲಿ ಜಾರಿಗೆ ಬಂತು. ಆ ನೀರಿನಿಂದ ಜೀವಿ ತಂದವರು ತಿಳಿಸಬೇಕು, ಅದರಿಂದ ಬರುವ ಲಾಭವನ್ನು ಹಂಚಿಕೊಳ್ಳಬೇಕು ಎಂಬುದು ಅದರ ಒಂದು ಭಾಗ. ಜೀವಿಯನ್ನು ಮುಟ್ಟದೆ ಕಂಪ್ಯೂಟರಿನಲ್ಲಿರುವ ಅದರ ಡಿಎನ್‌ಎ ಬರಹವನ್ನಷ್ಟೇ ಬಳಸಿದರೂ ಈ ಒಪ್ಪಂದದ ಕೆಳಗೇ ಬರುತ್ತದೆ. ಮುಂದೆ ಹಿಂದೂ ಮಹಾಸಾಗರದ ನಡುವಿನ ಯಾವುದೋ ಕೊಳವೆಯಿಂದ ಮೂರೂವರೆ ಸಾವಿರ ಅಕ್ಷರದ ಒಂದು ಚೀಟಿ ಸಿಕ್ಕರೂ ಅಷ್ಟೇ.